ಬೇಲಿಯಾಚೆ ಹರಿದ ನೀರು

"ಗುರುಗಳೇ, ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ನನಗೆ ಗೊತ್ತಿದೆ. ಗೊತ್ತಿದ್ದೂ ಅದು ಹೋಗುವುದಿಲ್ಲ. ಅದು ಹೋಗುವುದು ಹೇಗೆ?"

ಹೀಗೆ ಕೇಳಿದವನು ಶಾಂತವೀರ, ಮಠಕ್ಕೆ ಬಂದು ಕೆಲವು ವರ್ಷಗಳಾಗಿದ್ದ ಸಾಧಕ. ಅವನ ಜೊತೆಗೇ ಬಂದಿದ್ದ ಇನ್ನೊಬ್ಬ ಸಾಧಕನಿಗೆ ಆ ತಿಂಗಳು ಸಂಜೆಯ ಪ್ರವಚನದ ಹೊಣೆ ಸಿಕ್ಕಿತ್ತು. ಶಾಂತವೀರನಿಗೆ ಉಗ್ರಾಣದ ಕೆಲಸ ಹಾಗೇ ಉಳಿದಿತ್ತು. ಜನ ಪ್ರವಚನ ಕೇಳಿ ತಲೆದೂಗುವಾಗಲೆಲ್ಲ ತನ್ನ ಎದೆಯ ಮೇಲೆ ಯಾರೋ ಬಂದು ಕೂತಂತೆ ಅವನಿಗೆ ಆಗುತ್ತಿತ್ತು. ಅದನ್ನು ಅವನು ಮುಚ್ಚಿಡದೆ ಹೇಳಿಕೊಂಡ.

ಗುರುಗಳು "ಕೂತುಕೋ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಹೊರಗೆ, ಹೆದ್ದಾರಿಯ ಪಕ್ಕದಲ್ಲಿ, ಗಿಡ ಮಾರುವವರು ಇಬ್ಬರಿದ್ದರು. ಒಬ್ಬ ಗವಿಯಪ್ಪ, ಇನ್ನೊಬ್ಬ ಓಬಳೇಶ. ಹರೆಯದಲ್ಲಿ ಇಬ್ಬರೂ ಒಂದೇ ನರ್ಸರಿಯಲ್ಲಿ ಕೂಲಿಗಿದ್ದವರು. ಒಂದೇ ರಾಶಿಯ ಮಣ್ಣನ್ನು ಚೀಲಕ್ಕೆ ತುಂಬಿದವರು, ಒಬ್ಬನ ಬುತ್ತಿಯನ್ನು ಇನ್ನೊಬ್ಬ ಬಿಚ್ಚಿ ಉಂಡವರು. ಮುಂದೆ ಕೂಲಿ ಬಿಟ್ಟು ಅಕ್ಕಪಕ್ಕದಲ್ಲೇ ತುಂಡು ನೆಲ ಹಿಡಿದು ತಮ್ಮ ತಮ್ಮ ನರ್ಸರಿ ಹಾಕಿದರು. ನಡುವೆ ಒಂದು ತಂತಿ ಬೇಲಿ. ಅದನ್ನು ಹಾಕಿದವರೂ ಅವರಿಬ್ಬರೇ. ಒಬ್ಬ ತಂತಿ ಎಳೆದು ಹಿಡಿದರೆ ಇನ್ನೊಬ್ಬ ಮೊಳೆ ಹೊಡೆದಿದ್ದ.

ಗವಿಯಪ್ಪನದು ಕಸಿಯ ಕೈ. ಅವನು ಕಟ್ಟಿದ ಕಸಿ ಹತ್ತದೆ ಹೋದದ್ದು ಅಪರೂಪ. ಓಬಳೇಶನದು ಮಾತಿನ ಬಾಯಿ. ಗಿಡ ನೋಡಲು ಬಂದವರು ಅವನ ಜೊತೆ ಎರಡು ಮಾತಾಡಿದರೆ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಹೀಗಿದ್ದೂ ಬಹಳ ಕಾಲ ಅವರ ನಡುವೆ ಮನಸ್ತಾಪ ಏನೂ ಇರಲಿಲ್ಲ.

ಒಂದು ದಿನ ಗವಿಯಪ್ಪನ ಬಾಗಿಲಲ್ಲಿ ಒಂದು ಕಾರು ನಿಂತಿತು. ಹೆಂಗಸೊಬ್ಬರು ಇಳಿದರು. ಅವನ ದಾಸವಾಳಗಳನ್ನೆಲ್ಲ ನೋಡಿದರು, ಒಂದರ ಎಲೆ ಮುಟ್ಟಿದರು, "ಆಮೇಲೆ ಬರ್ತೀನಿ" ಎಂದು ಹೇಳಿ ನಡೆದುಹೋದರು. ಕಾರು ಅಲ್ಲೇ ನಿಂತಿತ್ತು. ಸ್ವಲ್ಪ ಹೊತ್ತಿಗೆ ಓಬಳೇಶ ಎರಡು ಕೈಯಲ್ಲೂ ದಾಸವಾಳದ ಗಿಡ ಹಿಡಿದು ಬಂದ. ಗವಿಯಪ್ಪನ ಬಾಗಿಲಲ್ಲೇ ನಿಂತಿದ್ದ ಆ ಕಾರಿನೊಳಗೆ ತನ್ನ ಗಿಡಗಳನ್ನು ಜೋಪಾನವಾಗಿ ಇಟ್ಟ. ತಿರುಗಿ ಹೋಗುವಾಗ, "ಗವಿ, ಊಟ ಆಯ್ತೇನೋ?" ಎಂದು ಕೇಳಿದ.

ಆದದ್ದು ಅಷ್ಟೇ. ಗವಿಯಪ್ಪನಿಗೆ ಆ ದಿನ ಊಟ ಸೇರಲಿಲ್ಲ.

ಅಂದಿನಿಂದ ಅವನು ಕಾರುಗಳನ್ನು ನೋಡತೊಡಗಿದ. ಯಾವುದು ತನ್ನ ಕಡೆ ನಿಂತಿತು, ಯಾವುದು ಆ ಕಡೆ ನಿಂತಿತು. ತನ್ನ ಕಡೆ ನಿಂತದ್ದು ಅವನಿಗೆ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆ ಕಡೆ ನಿಂತದ್ದರ ಬಣ್ಣ ಕೂಡ ನೆನಪಿರುತ್ತಿತ್ತು. ರಾತ್ರಿ ಉಣ್ಣುವಾಗ ಅದನ್ನೇ ಹೇಳುತ್ತಿದ್ದ. ಹೆಂಡತಿ ಹೊನ್ನಮ್ಮ ಕೆಲವು ದಿನ ಕೇಳಿಸಿಕೊಂಡಳು. ಆಮೇಲೆ ಒಂದು ದಿನ, "ಕಾರು ಎಣಿಸೋಕೆ ಟೋಲ್ ಗೇಟಿನಲ್ಲಿ ಜನ ಇದಾರೆ. ನೀವು ಅನ್ನ ಉಣ್ಣಿ" ಎಂದಳು. ಅವನು ಸುಮ್ಮನಾದ. ಸುಮ್ಮನಾದದ್ದು ಬಾಯಿ ಮಾತ್ರ.

ಆ ವರ್ಷ ಗವಿಯಪ್ಪನ ನರ್ಸರಿಯ ಹಿಂಬದಿಯಲ್ಲಿ ಒಂದು ಸಾಲು ಹಲಸಿನ ಸಸಿಗಳಿದ್ದವು. ಅವು ಬರಿಯ ಸಸಿಗಳಲ್ಲ. ಹೊನ್ನಮ್ಮನ ತವರಿನಲ್ಲಿ ಕೆಂಪು ತೊಳೆಯ ಹಲಸಿನ ಮರವೊಂದಿತ್ತು. ಅವಳ ತಾತ ನೆಟ್ಟದ್ದು. ಸುತ್ತಮುತ್ತ ಅಂಥ ರುಚಿಯ ಹಣ್ಣು ಬೇರೆ ಇರಲಿಲ್ಲ. ರಸ್ತೆ ಅಗಲ ಮಾಡುವಾಗ ಆ ಮರ ಹೋಯಿತು. ಕೊಡಲಿ ಬೀಳುವ ಹಿಂದಿನ ದಿನ ಗವಿಯಪ್ಪ ಬಸ್ಸು ಹಿಡಿದು ಹೋಗಿ, ಮರ ಹತ್ತಿ, ಎಳೆಯ ಕಡ್ಡಿಗಳನ್ನು ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ. ಕೈಯಲ್ಲಿದ್ದ ಕೆಲಸವನ್ನೆಲ್ಲ ಬಿಟ್ಟು ಅವನ್ನು ಕಸಿ ಕಟ್ಟಿದ್ದ. ಅವು ಹತ್ತಿ, ಎರಡೆರಡು ಎಲೆ ಬಿಟ್ಟ ದಿನ ಹೊನ್ನಮ್ಮ ಆ ಸಾಲಿನ ಮುಂದೆ ಕೂತು ಬಹಳ ಹೊತ್ತು ಏಳಲಿಲ್ಲ. ಲೋಕದಲ್ಲಿ ಆ ಮರದ್ದು ಎಂದು ಉಳಿದಿದ್ದು ಆ ಸಾಲೊಂದೇ.

ಬೇಸಗೆ ಬಂತು. ಗವಿಯಪ್ಪನ ನೀರಿನ ಪೈಪು ಹಳೆಯದು. ಎತ್ತರದ ತೊಟ್ಟಿಯಿಂದ ಹೊರಟು, ಬೇಲಿಯ ಪಕ್ಕದಲ್ಲೇ ಹಾದು, ನರ್ಸರಿಯ ಹಿಂಬದಿಯವರೆಗೆ ಹೋಗುತ್ತಿತ್ತು. ಬಿಸಿಲಿಗೆ ಒಣಗಿ ಅಲ್ಲಲ್ಲಿ ಸೀಳಿತ್ತು, ಮಡಿಚಿದಲ್ಲೆಲ್ಲ ಬಿರಿದಿತ್ತು. ನಲ್ಲಿ ತಿರುಗಿಸಿದರೆ ದಾರಿಯುದ್ದಕ್ಕೂ ಚಿಮ್ಮಿ, ಕೊನೆಗೆ ಹಲಸಿನ ಸಾಲಿಗೆ ತೊಟ್ಟಿಕ್ಕುವಷ್ಟು ನೀರು ಉಳಿಯುತ್ತಿತ್ತು. ಹೊನ್ನಮ್ಮ ಕೊಡದಲ್ಲಿ ಹೊತ್ತು ಆ ಸಸಿಗಳಿಗೆ ಹಾಕುತ್ತಿದ್ದಳು.

"ಆ ಪೈಪಿಗೆ ಮೈಯೆಲ್ಲ ಬಾಯಿ. ಒಂದು ದಿನ ಕೂತು ಸರಿ ಮಾಡಿ" ಎಂದಳು.

"ನಾಳೆ ಮಾಡ್ತೀನಿ" ಎಂದ ಗವಿಯಪ್ಪ. ಮಾರನೆಯ ದಿನ ಹಳೆಯ ಬಟ್ಟೆಯ ಚೂರು ಸುತ್ತಿದ. ಬಟ್ಟೆ ನೆನೆದು ಜಾರಿತು.

ಒಂದು ಬೆಳಿಗ್ಗೆ ಅವನು ಬೇಲಿಯ ಹತ್ತಿರ ನಿಂತು ಆ ಕಡೆ ನೋಡುತ್ತಿದ್ದ. ಬೇಲಿಗೆ ಅಂಟಿದಂತೆ ಓಬಳೇಶ ಒಂದು ಸಂಪಿಗೆ ಗಿಡವನ್ನು ನೆಲದಲ್ಲಿ ನೆಟ್ಟಿದ್ದ. ಎದೆಯೆತ್ತರಕ್ಕೆ ಬೆಳೆದಿತ್ತು. ಅಂದು ಅದರಲ್ಲಿ ಮೊದಲ ಹೂ ಬಿಟ್ಟಿತ್ತು. ಅದರ ವಾಸನೆ ಬೇಲಿ ದಾಟಿ ಗವಿಯಪ್ಪನ ಮೂಗಿಗೂ ಬಂತು. ರಸ್ತೆಯಲ್ಲಿ ಹೋಗುವವರಿಗೂ ಬರುತ್ತದೆ ಎಂದು ಅವನಿಗೆ ಹೊಳೆಯಿತು. ವಾಸನೆ ಹಿಡಿದು ಜನ ಓಬಳೇಶನ ಕಡೆಗೇ ಹೋಗುತ್ತಾರೆ ಎಂದೂ ಹೊಳೆಯಿತು.

ತಲೆ ತಗ್ಗಿಸಿದಾಗ ಕಾಲ ಕೆಳಗಿನ ಮಣ್ಣು ಒದ್ದೆಯಾಗಿತ್ತು. ನೋಡಿದರೆ ಅಲ್ಲೇ ಪೈಪಿನಲ್ಲಿ ಒಂದು ಸೀಳು. ಅದರಿಂದ ನೀರು ಸಣ್ಣಗೆ ಹೊಮ್ಮಿ, ಬೇಲಿಯ ಅಡಿಯಲ್ಲಿ ನುಸುಳಿ, ನೆಟ್ಟಗೆ ಸಂಪಿಗೆಯ ಬುಡಕ್ಕೆ ಹರಿಯುತ್ತಿತ್ತು.

ಗವಿಯಪ್ಪ ಬಗ್ಗಿ ಆ ಸೀಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ನನ್ನ ನೀರು! ನನ್ನ ನೀರು ಕುಡಿದು ಅವನ ಸಂಪಿಗೆ ಹೂ ಬಿಟ್ಟಿದೆ. ಆ ಹೂ ನೋಡಿ ಅವನಿಗೆ ಗಿರಾಕಿ. ಹಾಗಾದರೆ ಅವನ ಗಿರಾಕಿ ಯಾರದ್ದು? ಅವನ ಏಳಿಗೆ ಯಾರದ್ದು? ಹೊಟ್ಟೆಕಿಚ್ಚಿಗೂ ಒಂದು ಲೆಕ್ಕಾಚಾರವಿದೆ. ಅದರಲ್ಲಿ ಏನನ್ನು ಕೂಡಿದರೂ ಕಡೆಗೆ ತನಗೇ ಮೋಸವಾಗಿದೆ ಎಂದು ಬರುತ್ತದೆ.

ಅಷ್ಟು ದಿನ ನಾಳೆ ಎಂದವನು ಅಂದೇ ಪೇಟೆಗೆ ಹೋದ. ಪೈಪಿಗೆ ಹಾಕುವ ಜಾಯಿಂಟು ತಂದ, ಎರಡು ಕ್ಲಿಪ್ಪು ತಂದ. ಸೀಳಿದ ತುಂಡನ್ನು ಕತ್ತರಿಸಿ ತೆಗೆದ. ಒಲೆಯ ಮೇಲೆ ನೀರು ಕಾಯಿಸಿ ಪೈಪಿನ ಎರಡೂ ತುದಿಯನ್ನು ಅದ್ದಿದ. ತುದಿ ಮೆತ್ತಗಾದ ಮೇಲೆ ಜಾಯಿಂಟಿಗೆ ಒತ್ತಿ ಏರಿಸಿ ಕ್ಲಿಪ್ಪು ಬಿಗಿದ. ನಲ್ಲಿ ತಿರುಗಿಸಿ, ಮೊಣಕಾಲೂರಿ, ಬೆರಳಿಂದ ತಡವಿ ನೋಡಿದ. ಒಂದು ಹನಿಯೂ ಇರಲಿಲ್ಲ.

ಹೊನ್ನಮ್ಮ ಹಿಗ್ಗಿದಳು. "ಎಷ್ಟು ಚೆನ್ನಾಗಿ ಮಾಡಿದ್ರಿ! ಉಳಿದವನ್ನೂ ಹೀಗೇ ಮಾಡಿಬಿಡಿ."

"ಅವು ನಮ್ಮ ನೆಲದಲ್ಲೇ ತಾನೆ ಬೀಳ್ತಿರೋದು? ಎಲ್ಲಿಗೆ ಹೋಗ್ತದೆ?" ಎಂದ ಗವಿಯಪ್ಪ.

ಹೊನ್ನಮ್ಮನ ಮುಖದ ನಗು ಹಾಗೇ ಇಳಿಯಿತು. ಅವಳು ಕೊಡ ಎತ್ತಿಕೊಂಡು ಹಿಂಬದಿಗೆ ಹೋದಳು.

ಒಂದು ಬಾಯಿ ಮುಚ್ಚಿದ್ದರಿಂದ ಉಳಿದ ಬಾಯಿಗಳು ಇನ್ನಷ್ಟು ತೆರೆದವು. ನಡುವಿನ ಗಿಡಗಳ ಬುಡದಲ್ಲಿ ಕೆಸರು ನಿಂತಿತು. ಹಿಂಬದಿಗೆ ತೊಟ್ಟಿಕ್ಕುತ್ತಿದ್ದದ್ದೂ ನಿಂತಿತು. ಗವಿಯಪ್ಪ ಅದನ್ನು ನೋಡಲಿಲ್ಲ. ಅವನು ದಿನಾ ಎದ್ದವನೇ ಮುಖ ಕೂಡ ತೊಳೆಯದೆ ಬೇಲಿಗೆ ಹೋಗುತ್ತಿದ್ದ. ಸಂಪಿಗೆ ಬಾಡುವುದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಒಂದು ಎಲೆ ಉದುರಿದರೆ ಅವನ ಜೀವಕ್ಕೆ ಹಿತವಾಗುತ್ತಿತ್ತು. ಮಾರನೆಯ ದಿನ ಹೊಸ ಎಲೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮುಂದಿನ ಬಾಗಿಲಲ್ಲಿ ಗಿರಾಕಿ ಬಂದು "ಯಾರಿದ್ದೀರಿ?" ಎಂದು ಕೂಗಿ ಕೂಗಿ ಹೋದದ್ದೂ ಉಂಟು.

ಸಂಪಿಗೆ ಬಾಡಲಿಲ್ಲ. ಬಾಡುವುದಿರಲಿ, ಗೆಲ್ಲುಗೆಲ್ಲಿಗೆ ಮೊಗ್ಗು ಬಂತು.

ಒಂದು ದಿನ ಓಬಳೇಶನೇ ಬೇಲಿಯ ಹತ್ತಿರ ಬಂದ.

"ಗವಿ, ನಿನಗೊಂದು ಹೇಳಬೇಕು ಅಂತಿದ್ದೆ. ನಿನ್ನ ಪೈಪು ಇಲ್ಲಿ ಒಡೆದಿತ್ತಲ್ಲ, ನೀರು ಈ ಕಡೆ ಬಂದು ಗಿಡದ ಬುಡ ಜವುಗಾಗಿತ್ತು. ಬೇರು ಕೊಳೀತದೆ ಅಂತ ಹೆದರಿದ್ದೆ. ನೀನು ಸರಿ ಮಾಡಿದ್ದು ಒಳ್ಳೇದಾಯ್ತು ಕಣೋ. ಈಗ ನೋಡು, ಹೇಗೆ ಮೊಗ್ಗು ಹಿಡಿದದೆ!"

ಗವಿಯಪ್ಪ ಬೇಲಿಯ ತಂತಿಯನ್ನು ಹಿಡಿದುಕೊಂಡ.

"ಒಂದು ಕಡ್ಡಿ ಕೊಯ್ದು ಕೊಡ್ತೀನಿ. ನೀನು ಕಸಿ ಕಟ್ಟು. ನನ್ನ ಕೈಗೆ ಅದು ಹತ್ತೋದಿಲ್ಲ, ನಿನಗೆ ಗೊತ್ತಲ್ಲ" ಎಂದ ಓಬಳೇಶ.

ಅವನು ಹೇಳಿದ್ದು ನಿಜವಾದ ಮಾತು. ಹೇಳಿದ್ದು ಪ್ರೀತಿಯಿಂದ. ಗವಿಯಪ್ಪನ ಕಿವಿಗೆ ಬಿದ್ದದ್ದು ಬೇರೆ. ನಾನು ನೀರು ಕೊಟ್ಟರೂ ಇವನಿಗೇ ಲಾಭ, ನಿಲ್ಲಿಸಿದರೂ ಇವನಿಗೇ ಲಾಭ, ಈಗ ಉಳಿದದ್ದರಲ್ಲಿ ನನಗೆ ಭಿಕ್ಷೆ ಬೇರೆ. "ಬೇಡ" ಎಂದಷ್ಟೇ ಹೇಳಿ ಬಂದುಬಿಟ್ಟ.

ಆ ವಾರ ಹೊನ್ನಮ್ಮ ತವರಿಗೆ ಹೋಗಬೇಕಾಯಿತು. ಅವಳ ಅಣ್ಣನ ಮಗಳಿಗೆ ಹೆರಿಗೆ. ಹೊರಡುವಾಗ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು, "ಬೇರೆ ಯಾವುದಕ್ಕೆ ಹಾಕ್ತೀರೋ ಬಿಡ್ತೀರೋ, ಹಲಸಿನ ಸಾಲಿಗೆ ಮಾತ್ರ ದಿನಾ ನೀರು ತಪ್ಪಿಸಬೇಡಿ. ಪೈಪಿನ ನೀರು ಅಲ್ಲಿಗೆ ಹೋಗೋದಿಲ್ಲ, ಕೊಡದಲ್ಲೇ ಹಾಕಬೇಕು" ಎಂದಳು.

"ನನಗೆ ಹೇಳಬೇಕಾ?" ಎಂದ ಗವಿಯಪ್ಪ. ಅವನು ಸುಳ್ಳು ಹೇಳಲಿಲ್ಲ. ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಅದೇ ಇತ್ತು.

ಮಧ್ಯಾಹ್ನ ಓಬಳೇಶ ಊಟಕ್ಕೆ ಹೋದ. ಗವಿಯಪ್ಪ ಬೇಲಿಯ ಹತ್ತಿರ ಹೋಗಿ ಕೂತ. ತಾನೇ ಬಿಗಿದ ಕ್ಲಿಪ್ಪನ್ನು ತಾನೇ ಬಿಚ್ಚಿ ಪಕ್ಕದ ಕಲ್ಲಿನ ಮೇಲೆ ಇಟ್ಟ. ಪೈಪಿನ ತುದಿಯನ್ನು ಜಾಯಿಂಟಿನಿಂದ ಅರ್ಧ ಹೊರಗೆ ಎಳೆದ. ನೀರು ಭುಸ್ಸೆಂದು ಬೇಲಿಯ ಅಡಿಗೆ ನುಗ್ಗಿತು.

ಸಂಜೆ ಓಬಳೇಶ ಕೂಗಿದ. "ಗವಿ, ಪೈಪು ಬಿಚ್ಚಿಕೊಂಡದೆ ನೋಡೋ! ಕ್ಲಿಪ್ಪು ಬೇಕೇನು? ನನ್ನ ಹತ್ತಿರ ಇದೆ."

"ಬೇಡ. ನೋಡ್ತೀನಿ" ಎಂದ ಗವಿಯಪ್ಪ. ನೋಡಲಿಲ್ಲ.

ಮಾರನೆಯ ದಿನ ಓಬಳೇಶ ಸಂಪಿಗೆಯ ಸುತ್ತ ಮಣ್ಣಿನ ಬದು ಕಟ್ಟಿದ. ಗವಿಯಪ್ಪ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿದ. ಬದು ನೆನೆದು ಕರಗಿತು. ಓಬಳೇಶ ಮತ್ತೆ ಮಣ್ಣು ಎಳೆದ. ಗವಿಯಪ್ಪ ಮತ್ತೆ ನೀರು ಬಿಟ್ಟ. ಬೇಸಗೆಯಲ್ಲಿ ಕರೆಂಟು ಇರುವುದೇ ಸ್ವಲ್ಪ ಹೊತ್ತು. ಅಷ್ಟರಲ್ಲಿ ಬೋರಿನಿಂದ ತೊಟ್ಟಿಗೆ ಬಿದ್ದ ನೀರೆಲ್ಲ ಬೇಲಿಯ ಅಡಿಯಲ್ಲಿ ಹರಿದು ಹೋಗುತ್ತಿತ್ತು. ಹಲಸಿಗೆ ಸಂಜೆ ಹಾಕೋಣ ಎಂದುಕೊಳ್ಳುತ್ತಿದ್ದ. ಸಂಜೆ ಕೊಡ ಹಿಡಿದು ಹೋದರೆ ತೊಟ್ಟಿ ಒಣಗಿರುತ್ತಿತ್ತು. ನಾಳೆ ಬೆಳಿಗ್ಗೆ ಮೊದಲು ಅದಕ್ಕೇ ಎಂದು ಮಲಗುತ್ತಿದ್ದ. ಬೆಳಿಗ್ಗೆ ಎದ್ದರೆ ಕಾಲು ತಾನಾಗಿ ಬೇಲಿಯ ಕಡೆ ಹೋಗುತ್ತಿತ್ತು.

ಹಾಗೆ ಒಂದು ಬೆಳಿಗ್ಗೆ ಸಂಪಿಗೆಯ ಒಂದು ಎಲೆ ಹಳದಿಯಾಗಿರುವುದು ಕಂಡಿತು. ತಾನಾಗಿ ಉದುರುವ ಹಣ್ಣೆಲೆ ಅಲ್ಲ, ಎಳೆಯ ಎಲೆ. ಗವಿಯಪ್ಪ ಅದನ್ನೇ ನೋಡುತ್ತಾ ನಿಂತ. ಎಷ್ಟೋ ತಿಂಗಳ ಮೇಲೆ ಅವನ ಉಸಿರು ಸಲೀಸಾಗಿ ಆಡಿತು.

ಹೊನ್ನಮ್ಮ ಬಸ್ಸಿಳಿದು ಬಂದದ್ದು ಅದೇ ಹೊತ್ತಿಗೆ. ಗಂಡ ಬೇಲಿಯ ಹತ್ತಿರ ನಿಂತಿರುವುದನ್ನು ಕಂಡಳು. ಅವನ ಕಾಲ ಬಳಿ ಪೈಪು ಬಾಯಿ ಬಿಟ್ಟುಕೊಂಡು ನೀರು ಹರಿಯುತ್ತಿರುವುದನ್ನು ಕಂಡಳು. ಕ್ಲಿಪ್ಪು ಪಕ್ಕದ ಕಲ್ಲಿನ ಮೇಲೆ ಇತ್ತು.

"ಇದೇನು?" ಎಂದಳು.

"ಬಿಚ್ಚಿಕೊಂಡದೆ" ಎಂದ.

"ಬಿಚ್ಚಿಕೊಂಡ ಕ್ಲಿಪ್ಪು ಕಲ್ಲಿನ ಮೇಲೆ ಹತ್ತಿ ಕೂರ್ತದಾ?"

ಹೊನ್ನಮ್ಮ ಒಂದು ಸಲ ಅವನ ಮುಖ ನೋಡಿದಳು, ಒಂದು ಸಲ ಬೇಲಿಯಾಚೆ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಬ್ಯಾಗನ್ನು ಅಲ್ಲೇ ಬಿಟ್ಟು ಹಿಂಬದಿಗೆ ಓಡಿದಳು.

ಅವಳು ಕೂಗಾಡುತ್ತಾಳೆ ಎಂದು ಗವಿಯಪ್ಪ ಕಾದ. ಏನೂ ಕೇಳಲಿಲ್ಲ. ಕೇಳದಿದ್ದದ್ದಕ್ಕೇ ಅವನಿಗೆ ಹೆದರಿಕೆಯಾಯಿತು. ನಿಧಾನವಾಗಿ ಹಿಂದೆ ಹೋದ.

ಹಲಸಿನ ಎಲೆಗಳು ಸುರುಟಿ ಜೋತುಬಿದ್ದಿದ್ದವು. ಕೆಲವು ಮುಟ್ಟಿದರೆ ಪುಡಿಯಾಗುವ ಹಾಗಿದ್ದವು. ಚೀಲದ ಮಣ್ಣು ಒಣಗಿ ಗಟ್ಟಿಯಾಗಿ, ಅಂಚು ಬಿಟ್ಟು ನಿಂತಿತ್ತು. ಹೊನ್ನಮ್ಮ ಸಾಲಿನ ನಡುವೆ ಕೂತಿದ್ದಳು. ಅಳುತ್ತಿರಲಿಲ್ಲ. ಒಂದು ಸಸಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಮರ ಕಡಿದೋರು ಯಾರೋ ಗುರುತಿಲ್ಲದೋರು. ಅವರಿಗೆ ಅದು ಏನು ಅಂತ ಗೊತ್ತಿರಲಿಲ್ಲ" ಎಂದಳು.

ಮುಂದಿನ ಮಾತನ್ನು ಅವಳು ಹೇಳಲಿಲ್ಲ. ಗವಿಯಪ್ಪನಿಗೆ ಅದು ಕೇಳಿಸಿತು.

ಅವನು ಮೊಣಕಾಲೂರಿ ಒಂದು ಸಸಿಯನ್ನು ಹಿಡಿದ. ಕಸಿಯ ಮೇಲಿನ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದ. ಒಳಗೆ ಕಂದು. ಇನ್ನೊಂದನ್ನು ಕೆರೆದ. ಅದೂ ಕಂದು. ಸಾಲಿನುದ್ದಕ್ಕೂ ಮೊಣಕಾಲಿನಲ್ಲೇ ನಡೆಯುತ್ತಾ ಕೆರೆದ. ಸಾಲಿನ ಕೊನೆಯಲ್ಲಿ, ಗೋಡೆಯ ನೆರಳು ಬೀಳುವಲ್ಲಿ, ಕೆಲವು ಸಸಿಗಳ ತೊಗಟೆಯಡಿಯಲ್ಲಿ ಹಸಿರು ಇದೆಯೋ ಇಲ್ಲವೋ ಎನ್ನುವಂತೆ ಒಂದು ಗೆರೆ ಕಂಡಿತು. ಅದು ಹಸಿರೋ, ತನ್ನ ಕಣ್ಣಿನ ಆಸೆಯೋ ಎಂದು ಅವನಿಗೆ ಹೇಳಲಾಗಲಿಲ್ಲ.

ಅವನು ಎದ್ದು ಪೈಪಿನ ಹತ್ತಿರ ಹೋದ. ಪೂರ್ತಿ ಪೈಪನ್ನು ಎಳೆದು ಅಂಗಳದಲ್ಲಿ ಹಾಸಿದ. ಹೊನ್ನಮ್ಮ ಒಲೆಗೆ ನೀರಿಟ್ಟಳು. ಇಡು ಎಂದು ಅವನು ಹೇಳಿರಲಿಲ್ಲ. ಬಿರಿದಲ್ಲಿ ಕತ್ತರಿಸಿದ. ಬಿಸಿ ನೀರಿಗೆ ಅದ್ದಿ, ಮನೆಯಲ್ಲಿ ಹುಡುಕಿದಾಗ ಸಿಕ್ಕಿದ ಹಳೆಯ ಜಾಯಿಂಟು ಇರುವಷ್ಟು ಕಡೆ ಅವನ್ನು ಹಾಕಿದ. ಅದು ಮುಗಿದ ಮೇಲೆ ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಸೀಳಿ, ಎಳೆದೆಳೆದು ಸುತ್ತಿ, ತಂತಿಯಿಂದ ಬಿಗಿದ. ಬಿಸಿಲಿಗೆ ತೀರ ಸುಟ್ಟುಹೋದ ಭಾಗವನ್ನು ಕತ್ತರಿಸಿ ಎಸೆದ. ಬಿಸಿ ನೀರಿಗೆ ಬೆರಳುಗಳಲ್ಲಿ ಬೊಬ್ಬೆ ಎದ್ದವು. ಒಂದು ಸಲ ಓಬಳೇಶ ಬೇಲಿಯಾಚೆಯಿಂದ ಏನೋ ಕೂಗಿದ. ಗವಿಯಪ್ಪ ತಲೆ ಎತ್ತಲಿಲ್ಲ. ಆ ಹೊತ್ತಿಗೆ ಅವನಿಗೆ ಅದು ನಿಜವಾಗಿಯೂ ಕೇಳಿಸಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೆಲಸ ಮುಗಿಯಿತು. ಕೆಟ್ಟದ್ದನ್ನೆಲ್ಲ ಕತ್ತರಿಸಿದ್ದರಿಂದ ಪೈಪು ಗಿಡ್ಡವಾಗಿತ್ತು. ಹಲಸಿನ ಸಾಲಿಗೆ ಎಟುಕಲಿಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಸೇರಿ ಗೋಡೆಯ ನೆರಳಿನ ಆ ಸಸಿಗಳನ್ನು ಒಂದೊಂದಾಗಿ ಎದೆಗೆ ಅವಚಿಕೊಂಡು ಪೈಪು ಮುಟ್ಟುವ ಜಾಗಕ್ಕೆ ಹೊತ್ತು ತಂದರು. ಅಲ್ಲಿ ನೆರಳಿಗೆ ಗೋಣಿ ಕಟ್ಟಿದರು. ಗವಿಯಪ್ಪ ನಲ್ಲಿ ತಿರುಗಿಸಿದ. ದಾರಿಯಲ್ಲಿ ಎಲ್ಲೂ ಚಿಮ್ಮದೆ ನೀರು ಪೂರ್ತಿಯಾಗಿ ಅವನ ಕೈಗೆ ಬಂತು. ಅವನು ಬೆರಳು ಅಡ್ಡ ಹಿಡಿದು, ಅದನ್ನು ಮೆಲ್ಲಗೆ ಮಾಡಿ, ಒಂದೊಂದು ಚೀಲದ ಬುಡಕ್ಕೂ ಬಿಟ್ಟ. ಗಟ್ಟಿಯಾಗಿದ್ದ ಮಣ್ಣು ಮೊದಲು ನೀರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅವನು ಕಾದ. ಆಮೇಲೆ ನಿಧಾನವಾಗಿ ಕುಡಿಯತೊಡಗಿತು. ಹೊನ್ನಮ್ಮ ಅವನ ಪಕ್ಕದಲ್ಲಿ ಬಂದು ಕೂತಳು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಾಂತವೀರ ಮುಂದಕ್ಕೆ ಬಾಗಿ ಕೂತಿದ್ದ. ಗುರುಗಳು ಮುಂದುವರಿಸುವಂತೆ ಕಾಣಲಿಲ್ಲ. ಕೊನೆಗೆ ತಡೆಯಲಾರದೆ ಕೇಳಿದ:

"ಅಲ್ಲ ಗುರುಗಳೇ, ಆ ಓಬಳೇಶನ ಸಂಪಿಗೆ ಏನಾಯಿತು? ಕೊಳೆಯಿತೋ, ಉಳಿಯಿತೋ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಗವಿಯಪ್ಪನ ಹಲಸು ಉಳಿಯಿತೇ ಎಂದು ನೀನು ಕೇಳಲಿಲ್ಲ" ಎಂದರು.